ಓರಗಿತ್ತಿಯ ಲಿವರು

ಕಾಮಾಲೆ ಹೋಗಿ ವರ್ಷ ಕಳೆದರೂ ನನ್ನ ಲಿವರು ಸರಿಹೋಗಿರಲಿಲ್ಲ. ಎಣ್ಣೆ, ಖಾರ, ಬಾಡು ಎಲ್ಲ ಬಿಟ್ಟು, ಕಿಕ್ಕೇರಿ ಬಳಿಯ ನಮ್ಮ ಮನೆಯಲ್ಲಿ ಗಂಜಿ, ಸಪ್ಪೆ ಸಾರು ಉಣ್ಣುತ್ತಿದ್ದೆ. ಎದುರಿಗೇ ನನ್ನ ಓರಗಿತ್ತಿ, ಮೈದುನನ ಹೆಂಡತಿ, ಮುದ್ದೆ ಮುರಿದು ಬಾಡಿನ ಸಾರಲ್ಲಿ ಅದ್ದಿ ನುಂಗುವಳು. "ಇವಳ್ಗೆ ಉಂಡದ್ದೆಲ್ಲ ಮೈಗತ್ತದೆ ಕಣವ್ವ" ಎಂದು ಅತ್ತೆ ಅವಳನ್ನು ತೋರಿಸಿ, ಮನೆಗೆ ಬಂದವರಿಗೆಲ್ಲ ಹೇಳುವರು. ನಾನು ಗಂಜಿಯ ಬಟ್ಟಲು ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಮೈಸೂರಿನ ಆಸ್ಪತ್ರೆಯೊಂದಕ್ಕೆ ಆಗ ಹೊಸ ಸ್ಕ್ಯಾನಿಂಗ್ ಯಂತ್ರ ಬಂದಿತ್ತು. ಊಟವಾದ ಮೇಲೆ ಲಿವರಿಗೆ ಹರಿಯುವ ರಕ್ತ ಎಷ್ಟು ಹೆಚ್ಚುತ್ತದೆಂದು ಅದರಲ್ಲಿ ಅಳೆಯಬಹುದಂತೆ. ಹೋಲಿಸಿ ನೋಡಲು ನನ್ನದೇ ವಯಸ್ಸಿನ, ಆರೋಗ್ಯವಾಗಿರುವ ಹೆಂಗಸೊಬ್ಬಳನ್ನು ಕರೆತರಬೇಕೆಂದು ಡಾಕ್ಟರು ನನ್ನ ಗಂಡನಿಗೆ ಹೇಳಿದರು. ಇವರು ಮನೆಗೆ ಬಂದವರೇ ಓರಗಿತ್ತಿಗೆ ಹೊರಡಲು ಹೇಳಿದರು. ನಾಗಮಂಗಲದಲ್ಲಿ ನನ್ನ ತಂಗಿ ಇದ್ದಾಳಲ್ಲ ಅಂದೆ. ಮನೆಯಲ್ಲೇ ಒಬ್ಬಳಿರುವಾಗ ಅವಳೇಕೆ ಎಂದರು.

ನಾವಿಬ್ಬರೂ ಬರಿ ಹೊಟ್ಟೆಯಲ್ಲಿ ಇವರ ಜೊತೆ ಬಸ್ಸು ಹತ್ತಿದೆವು. ಪಾಂಡವಪುರದ ಹತ್ತಿರ ಆಲೆಮನೆಯ ಬೆಲ್ಲದ ವಾಸನೆ ಒಳಗೆ ನುಗ್ಗಿತು. ಅವಳು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು, ನೆಂಟರ ಮದುವೆಗೆ ಹೊರಟವಳಂತೆ ಕೂತಿದ್ದಳು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಒಮ್ಮೆ ಸ್ಕ್ಯಾನ್ ಮಾಡಿ, ಆಮೇಲೆ ಇಡ್ಲಿ, ಹಾಲು ಕೊಟ್ಟು ಸ್ವಲ್ಪ ಹೊತ್ತು ಕೂರಿಸಿದರು. ಅವಳು ತಟ್ಟೆ ಬಳಿದು ತಿಂದಳು. ಎರಡನೆಯ ಸಲ ಅವಳ ಹೊಟ್ಟೆಯ ಮೇಲೆ ಯಂತ್ರದ ಹಿಡಿಯನ್ನು ಒತ್ತಿದಾಗ, ನಾಲೆಗೆ ನೀರು ಬಿಟ್ಟಂತೆ ರಕ್ತ ಹರಿಯುವ ಸದ್ದು ಏರಿದ್ದು ಪರದೆಯ ಈಚೆ ಮಲಗಿದ್ದ ನನಗೂ ಕೇಳಿಸಿತು. ನನ್ನ ಸರದಿ ಬಂದಾಗ ಉಣ್ಣುವ ಮೊದಲು ಇದ್ದ ಸದ್ದೇ. ನಿಮ್ಮದು ಅಷ್ಟಾಗಿ ಏರಿಲ್ಲ, ಏರಬೇಕಾದದ್ದು ಹೀಗೆ ಎಂದು ಡಾಕ್ಟರು ಅವಳ ಚಿತ್ರ ತೋರಿಸಿದರು. ನನ್ನ ಗಂಡನೂ ಬಗ್ಗಿ ಅದನ್ನೇ ನೋಡುತ್ತಿದ್ದರು.

ವಾಪಸು ಬರುವಾಗ ಶ್ರೀರಂಗಪಟ್ಟಣದಲ್ಲಿ ಇವರು ಸೀಬೆಹಣ್ಣು ತರಲು ಇಳಿದರು. ನಾನು ಕಿಟಕಿಯತ್ತ ಮುಖ ಮಾಡಿ ಕೂತಿದ್ದೆ. ಪಕ್ಕದಲ್ಲಿ ಅವಳು ಮೆಲ್ಲಗೆ ಮಾತು ತೆಗೆದಳು.

"ನಿಮ್ನ ಕಂಡ್ರೆ ನಂಗೆ ಒಟ್ಟೆಯುರಿ ಕಣಕ್ಕ."

ನಾನು ತಿರುಗಿದೆ.

"ನಿಮ್ಗೇ ಅಂತ ಬ್ಯಾರೆ ಬೇಯಿಸ್ತಾರೆ. ಉಂಡ್ಯಾ, ಅರಗ್ತಾ ಅಂತ ಬಾವ ದಿನಾ ಕೇಳ್ತಾರೆ. ನಿಮ್ ಮೈದುನ ಒಂದಿನ ಕೇಳಿಲ್ಲ. ನಾ ತಿಂದಿದ್ದು ಎಲ್ಲೋಯ್ತು ಅಂತ ನೋಡ್ದೋರು ಆ ಡಾಕ್ಟ್ರು ಒಬ್ರೇಯ."

ಅವಳು ಹೇಳಿದ್ದು ನಿಜ. ಮೈದುನ ಎಂಥವನೆಂದು ನನಗೆ ಗೊತ್ತಿತ್ತು. ಆದರೂ ಅದಲುಬದಲು ಮಾಡಿಕೊಳ್ಳುವಂತಿದ್ದರೆ, ಹಾಗೆ ಕೇಳುವ ಗಂಡನನ್ನೇ ಅವಳಿಗೆ ಕೊಟ್ಟು ಆ ಲಿವರನ್ನು ಇಸಕೊಳ್ಳುತ್ತಿದ್ದೆನೇನೋ.

ಕೆಲವು ತಿಂಗಳ ಮೇಲೆ ನಾವು ಗಂಡ ಹೆಂಡತಿ ಇಬ್ಬರೇ ಮತ್ತೆ ಹೋಗಿ ಬಂದೆವು. ಈ ಸಲ ಊಟದ ಮೇಲೆ ರಕ್ತದ ಹರಿವು ಕೊಂಚ ಏರಿತ್ತು. ಮನೆ ಬಾಗಿಲಲ್ಲಿ ಕಾಯುತ್ತಿದ್ದ ಓರಗಿತ್ತಿಗೆ ಹೇಳಿದೆ. ಅವಳ ಮುಖ ಅರಳಿತು, ಓಡಿಹೋಗಿ ಅತ್ತೆಗೂ ಹೇಳಿದಳು. ಇನ್ನೊಬ್ಬರ ಒಳ್ಳೆಯದಕ್ಕೆ ಅಷ್ಟು ಸಲೀಸಾಗಿ ಹಿಗ್ಗುವುದು ಅವಳಿಗೆ ಬರುತ್ತಿತ್ತು. ಅದಕ್ಕೂ ನಾನು ಉರಿದುಕೊಂಡೆ.