ನಾಲ್ಕು ಬೆರಳು ಮೋಟಾದ ಟ್ರಸ್ಸು

ಗೋಡೆ ಇರುವುದು ಮಾಡನ್ನು ಹೊರುವುದಕ್ಕೆ ಎಂದೇ ನಾನು ನಂಬಿದ್ದೆ. ಹೊರುವುದಕ್ಕಿಂತ ಹಿಡಿದುಕೊಳ್ಳುವುದು ದೊಡ್ಡ ಕೆಲಸ ಎಂದು ಗೊತ್ತಾದದ್ದು ಶಿವಮೊಗ್ಗದ ರವೀಂದ್ರನಗರದ ನಮ್ಮ ಮನೆಯ ತಾರಸಿ ಮೇಲೆ, ಅಮ್ಮನ ಹೊಲಿಗೆ ಕ್ಲಾಸಿಗೆಂದು ಕೋಣೆ ಎಬ್ಬಿಸಿದ ಬೇಸಿಗೆಯಲ್ಲಿ. ತೊಂಬತ್ತರ ದಶಕದ ಕೊನೆ ಅದು.

ಅಲ್ಲಿಯವರೆಗೆ ಅಮ್ಮ ಕ್ಲಾಸು ನಡೆಸುತ್ತಿದ್ದದ್ದು ಯಾರದೋ ಜಗಲಿಯಲ್ಲಿ. ಮಳೆಗಾಲಕ್ಕೆ ಮುಂಚೆ ಖಾಲಿ ಮಾಡಿ ಎಂದು ಅವರು ಹೇಳಿಯಾಗಿತ್ತು. ಅಷ್ಟರೊಳಗೆ ಮಾಡು ಏಳದಿದ್ದರೆ ಹುಡುಗಿಯರು ಬೇರೆ ಕಡೆ ಸೇರಿಕೊಳ್ಳುತ್ತಾರೆ, ಹೋದವರು ತಿರುಗಿ ಬರುವುದಿಲ್ಲ. ಆ ಚಿಂತೆಯಲ್ಲಿ ಅಮ್ಮನಿಗೆ ಊಟವೇ ಸೇರುತ್ತಿರಲಿಲ್ಲ.

ಮಾಡಿನ ಕೆಲಸ ಅಮ್ಮನ ತಮ್ಮನದು. ಮಾವನಿಗೆ ಭದ್ರಾವತಿಯ ಜನ್ನಾಪುರದಲ್ಲಿ ವೆಲ್ಡಿಂಗ್ ಶೆಡ್ಡಿತ್ತು. ಗೋಡೆ ಏಳುವ ಮುಂಚೆಯೇ ಬಂದು, ಮೇಸ್ತ್ರಿ ಗುರುತಿಗೆ ಕಟ್ಟಿದ್ದ ದಾರದ ಮೇಲೆ ಅಳತೆ ತೆಗೆದುಕೊಂಡ. ಗೋಡೆಯ ತಲೆಗೆ ಹಾಕುವ ಕಾಂಕ್ರೀಟಿನಲ್ಲಿ ಬೋಲ್ಟುಗಳನ್ನು ಹೇಗೆ ಹೂಳಬೇಕೆಂದು ಮೇಸ್ತ್ರಿಗೆ ತೋರಿಸಿದ. ಕಬ್ಬಿಣದ ಪಟ್ಟಿಗಳ ತ್ರಿಕೋನವೇ ಟ್ರಸ್ಸು. ಅದರ ಎರಡು ತುದಿಯ ತೂತುಗಳು ಆ ಬೋಲ್ಟುಗಳ ಮೇಲೆ ಕೂತರೆ ನಟ್ಟು ಬಿಗಿದರಾಯಿತು. ಹೇಳುವುದಕ್ಕೇನು, ಸುಲಭ.

"ಅಷ್ಟು ಭಾರದ ಕಬ್ಬಿಣ ಎಲ್ಲಿಗೆ ಓಡಿಹೋಗುತ್ತೆ ಅಂತ ಇಷ್ಟು ದಪ್ಪ ಬೋಲ್ಟು, ಮಾವ?" ಎಂದು ಕೇಳಿದೆ.

"ಶೀಟಿನ ಮಾಡು ಬೀಳೋದು ಕಮ್ಮಿ ಕಣೇ, ಹಾರೋದೇ ಜಾಸ್ತಿ. ಗಾಳಿ ಅದನ್ನ ಮೇಲಕ್ಕೆ ಎಳೆಯುತ್ತೆ. ನಾನು ಹಾಕಿದ ಮಾಡು ಬೇಕು ಅಂದ್ರೆ ಗಾಳಿ ಗೋಡೇನೂ ಹೊತ್ಕೊಂಡು ಹೋಗ್ಬೇಕು, ಹಂಗೆ ಕಟ್ತೀನಿ!"

ನಾನು ಬಿಟ್ಟ ಬಾಯಿ ಮುಚ್ಚಲಿಲ್ಲ. ಇಷ್ಟು ವರ್ಷ ಮಾಡುಗಳ ಕೆಳಗೆ ನಿಶ್ಚಿಂತೆಯಿಂದ ಮಲಗಿದ್ದೆನಲ್ಲ, ಅವೆಲ್ಲ ಹಾರಲು ಕಾಯುತ್ತಿದ್ದವೇ!

ಮಾವ ಬಸ್ಸು ಹತ್ತಿದ್ದೇ ತಡ, ಅಮ್ಮ ಮೇಸ್ತ್ರಿಯನ್ನು ಕೂರಿಸಿಕೊಂಡು ಆಯ ನೋಡಿದಳು. ಕೋಣೆಯ ಅಳತೆಯನ್ನು ಗುಣಿಸಿ ಭಾಗಿಸಿ, ಉಳಿದ ಶೇಷದಿಂದ ಶುಭ ಅಶುಭ ಹೇಳುವ ಲೆಕ್ಕ ಅದು. ನಮ್ಮದಕ್ಕೆ ಧೂಮಾಯ ಬಂತು.

"ಹೊಸ ಕೆಲ್ಸ ಶುರು ಮಾಡೋ ಜಾಗ, ಹೊಗೆ ಬಂದ್ರೆ ಹೆಂಗೆ ಅಕ್ಕೋರೆ?" ಎಂದ ಮೇಸ್ತ್ರಿ ದಾರ ಕಿತ್ತು ಒಂದು ಗೋಡೆಯನ್ನು ನಾಲ್ಕು ಬೆರಳು ಆಚೆಗೆ ಸರಿಸಿದ. ಧ್ವಜಾಯ ಬಂತು, ಅಮ್ಮನ ಮುಖ ಅರಳಿತು. ಜನ್ನಾಪುರಕ್ಕೆ ಸುದ್ದಿ ಹೋಗಲಿಲ್ಲ. ಅಮ್ಮ ಹೇಳಿರುತ್ತಾಳೆಂದು ಮೇಸ್ತ್ರಿ ಸುಮ್ಮನಾದ. ತಮ್ಮ ನಗುತ್ತಾನೆಂದು ಅಮ್ಮ ಸುಮ್ಮನಾದಳು. ಎಂಥಾ ಜನವಪ್ಪ!

ಟ್ರಸ್ಸುಗಳು ಲಾರಿಯಲ್ಲಿ ಬಂದವು. ಹಗ್ಗ ಹಾಕಿ ಮೊದಲನೆಯದನ್ನು ಎತ್ತಿದಾಗ ಬೀದಿಯೇ ತಲೆಯೆತ್ತಿ ನಿಂತಿತ್ತು. ಈ ಬದಿಯ ತುದಿ ಬೋಲ್ಟಿನ ಮೇಲೆ ಕೂತಿತು. ಆ ಬದಿಯದು ಬೋಲ್ಟು ಮುಟ್ಟದೆ ಗಾಳಿಯಲ್ಲಿ ನಿಂತಿತು.

"ಅಕ್ಕಾ, ಗೋಡೆ ಎಲ್ಲಿಗೆ ಹೋಯ್ತು?" ಮಾವ ಮೇಲಿನಿಂದಲೇ ಕೂಗಿದ.

"ಆಯ ನೋಡಿದ್ವಿ ಕಣೋ," ಎಂದಳು ಅಮ್ಮ.

ಮಾವ ರೇಗುತ್ತಾನೆಂದು ನಾನು ಕಾದೆ. ಅವನು ನಗಲೂ ಇಲ್ಲ, ರೇಗಲೂ ಇಲ್ಲ. ಬೋಲ್ಟು ಕಿತ್ತು ಈಚೆಗೆ ಹಾಕೋಣವೇ ಎಂದು ಮೇಸ್ತ್ರಿ ಕೇಳಿದಾಗ ಮಾತ್ರ ಸಿಡಿದ: "ಮುಟ್ಟಿದ್ರೆ ನೋಡು ಮಾರಾಯ! ಕಾಂಕ್ರೀಟು ಒಂದ್ಸಲ ಕಚ್ಚಿದ್ದನ್ನ ಬಿಡಿಸಿದ್ರೆ ಮತ್ತೆ ಹಂಗೆ ಕಚ್ಚಲ್ಲ. ಕಬ್ಬಿಣ ಆದ್ರೆ ನಾನು ಹೇಳಿದ್ದು ಕೇಳುತ್ತೆ."

ಟ್ರಸ್ಸು ಕೆಳಗಿಳಿಯಿತು. ಮಾರನೆಯ ದಿನ ವೆಲ್ಡಿಂಗ್ ಮಿಷನ್ನು ನಮ್ಮ ಅಂಗಳಕ್ಕೇ ಬಂತು. ಒಂದೊಂದು ಟ್ರಸ್ಸಿನ ತುದಿಗೂ ತುಂಡು ಸೇರಿಸಿ, ಎರಡೂ ಬದಿಗೆ ಪಟ್ಟಿ ಕೊಟ್ಟು ಮಾವ ಬೆಸೆದ. ಮತ್ತೆ ಎತ್ತಿದಾಗ ತೂತಿನೊಳಗಿಂದ ಬೋಲ್ಟಿನ ಮೂತಿ ಇಣುಕಿತು. ನಟ್ಟು ಬಿಗಿದು ಮಾವ ಟ್ರಸ್ಸಿಗೆ ಜೋತುಬಿದ್ದು ತೋರಿಸಿದ. ಕೋಣೆಯೇ ಒಂದು ಎಲುಬಾದಂತೆ ಅಲುಗಾಡದೆ ನಿಂತದ್ದು ಕಂಡು ನನಗೆ ಮೈ ಜುಮ್ಮೆಂದಿತು. ಅಮ್ಮ ಮಾತ್ರ ಆ ಬೆಸುಗೆಗಳನ್ನೇ ನೋಡುತ್ತಿದ್ದಳು. ತನ್ನಿಂದಾಗಿ ತೇಪೆ ಬಿತ್ತು, ತಡೆಯುತ್ತದೋ ಇಲ್ಲವೋ ಎಂಬ ಅಳುಕು ಅವಳಿಗೆ.

ಶೀಟು ಹೊದಿಸಿ ಕ್ಲಾಸು ಶುರುವಾದ ವಾರದಲ್ಲೇ, ಒಂದು ಮಧ್ಯಾಹ್ನ, ಮುಂಗಾರಿಗೆ ಮುಂಚಿನ ಗಾಳಿ ಬಂತು. ಅಬ್ಬಾ, ಅದೇನು ಗಾಳಿ! ಎದುರುಮನೆಯ ಶೀಟೊಂದು ಕಿತ್ತುಕೊಂಡು ನಮ್ಮ ಕಿಟಕಿಯ ಮುಂದೆಯೇ ಹಾರಿಹೋಯಿತು. ಹುಡುಗಿಯರು ಪೆಡಲು ನಿಲ್ಲಿಸಿದರು. ನಮ್ಮ ತಲೆಯ ಮೇಲೆ ಶೀಟು ಗುಡುಗುತ್ತಿತ್ತು. ನಾನು ಗೋಡೆಗೆ ಅಂಗೈ ಒತ್ತಿದೆ. ಅದು ನಡುಗುತ್ತಿತ್ತು; ಆದರೂ ಮಾಡನ್ನು ಬಿಡಲಿಲ್ಲ. ಹೆದರಿಕೆಯ ನಡುವೆಯೂ ನನಗೆ ಕೈ ಮುಗಿಯಬೇಕೆನಿಸಿತು, ಗೋಡೆಗೋ ಗಾಳಿಗೋ ತಿಳಿಯದು.

ಗಾಳಿ ಹೋಗಿ, ಅದರ ಹಿಂದೆಯೇ ಸುರಿದ ಮಳೆಯೂ ನಿಂತಿತು. ಸುಮಾರು ಹೊತ್ತಿನ ಮೇಲೆ ತಾರಸಿಯ ಬಾಗಿಲಲ್ಲಿ ಮಾವ ಕಾಣಿಸಿಕೊಂಡ. ಭದ್ರಾವತಿಯಿಂದ ಆ ಮಳೆಯಲ್ಲೇ ಮೊಪೆಡ್ಡಿನಲ್ಲಿ ಬಂದಿದ್ದ. ಹಲ್ಲು ಕಟಕಟಿಸುತ್ತಿತ್ತು. ಹೊಸ್ತಿಲಾಚೆಯೇ ನಿಂತು ಮೇಲೆ ನೋಡಿದ, ಅಮ್ಮನನ್ನು ನೋಡಿದ, ಮತ್ತೆ ಮೇಲೆ ನೋಡಿದ. ಇಷ್ಟೆಲ್ಲ ಜಂಬ ಕೊಚ್ಚಿದ್ದ ಮಾವನಿಗೂ ಭಯವಿತ್ತು.

ಅಮ್ಮ ಮಿಷನ್ನಿನಿಂದ ಎದ್ದಳು. ಕತ್ತರಿಸಲು ಇಟ್ಟಿದ್ದ ಹೊಸ ಬಟ್ಟೆಯನ್ನೇ ತೆಗೆದು ಅವನ ತಲೆ ಒರೆಸಿದಳು.

"ಒಳಗೆ ಬಾರೋ," ಎಂದಳು, "ಇಲ್ಲಿ ಒಂದು ಹನಿ ಬಿದ್ದಿಲ್ಲ."