ವೇಟಿಂಗ್ ರೂಮಿನ ಮಹಾದೇವಮ್ಮನ ದಿನಕ್ಕೊಂದು ಪ್ರಶ್ನೆ

"ಇಸ್ಪೀಟಿನ ನಾಕು ರಾಜರೊಳಗ ಮೀಸಿ ಇಲ್ಲದಾಂವ ಯಾರು, ಹೇಳ್ರಿ ನೋಡೋಣು?"

ನಾಗಪುರ ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮದ್ರಾಸ್ ಕಡೆಯ ಗಾಡಿಯಿಂದ ಇಳಿದ ಹೆಂಗಸೊಬ್ಬರು ಸೊಂಟದ ಮೇಲೆ ಮಗು, ಕೈಯಲ್ಲಿ ಹಿತ್ತಾಳೆಯ ಕೂಜಾ ಹಿಡಿದು ನಿದ್ದೆಗಣ್ಣಿನಲ್ಲೇ ಒಳಗೆ ಕಾಲಿಟ್ಟಿದ್ದಾರೆ. ಪೊರಕೆ ಹಿಡಿದು ನಿಂತ ಆಯಾ ಅವರನ್ನು ಕೇಳುವುದು ಟಿಕೆಟ್ಟನ್ನಲ್ಲ, ಇಸ್ಪೀಟಿನ ರಾಜನ ಮೀಸೆಯನ್ನು. ಆಕೆ ಮೊದಲು ಬೆಚ್ಚುತ್ತಾರೆ, ಆಮೇಲೆ ನಗುತ್ತಾರೆ, ಆಮೇಲೆ ಮಗುವನ್ನು ಬೆಂಚಿನ ಮೇಲೆ ಮಲಗಿಸಿ ನಿಜವಾಗಿಯೂ ಯೋಚನೆಗೆ ಬೀಳುತ್ತಾರೆ. ಅಷ್ಟರಲ್ಲಿ ಆಯಾ ನೀರು ತುಂಬಿಸಿಟ್ಟು, ನೆಲ ಒರೆಸಿ, ಮಗುವಿನ ಮೇಲೆ ಒಂದು ಹಚ್ಚಡ ಹೊದಿಸಿಯೂ ಆಗಿರುತ್ತದೆ.

ಈ ಆಯಾ ಮಹಾದೇವಮ್ಮ. ವಯಸ್ಸು ಐವತ್ತರ ಆಸುಪಾಸು, ಮೂಲ ಊರು ಗದಗಿನ ಪಕ್ಕದ ಬೆಟಗೇರಿ. ಓದು ಬರಹ ಬಾರದು. ಇಸ್ಪೀಟು ಆಡಲೂ ಬಾರದು. ಆದರೆ ದಿನಕ್ಕೊಂದು ಪ್ರಶ್ನೆ ಇಲ್ಲದೆ ಆಕೆಗೆ ಕಸ ಗುಡಿಸುವ ಕೈ ಏಳುವುದಿಲ್ಲ. ಬೆಳಗಿನ ಮೊದಲ ಗಾಡಿಯವರಿಗೆ ಕೇಳಿದ ಪ್ರಶ್ನೆಯನ್ನೇ ಸಂಜೆ ಡ್ಯೂಟಿ ಮುಗಿಯುವವರೆಗೂ ಬಂದವರಿಗೆಲ್ಲ ಕೇಳುತ್ತಾಳೆ. ಹಿಂದಿ, ಮರಾಠಿ, ಕನ್ನಡ ಮೂರನ್ನೂ ಕಲಸಿದ ಅವಳ ಮಾತು ಬಂಗಾಲದವರಿಗೂ ತೆಲುಗರಿಗೂ ಹೇಗೋ ಅರ್ಥವಾಗಿಬಿಡುತ್ತದೆ.

ಉತ್ತರ ಬಂದ ಕೂಡಲೇ ಒಪ್ಪಿಕೊಳ್ಳುವ ಪೈಕಿಯವಳಲ್ಲ ಈಕೆ. ನಾಗಪುರಕ್ಕೆ ನಾಲ್ಕು ದಿಕ್ಕಿನಿಂದ ಗಾಡಿ ಬರುತ್ತವೆ: ದಿಲ್ಲಿ, ಮದ್ರಾಸು, ಮುಂಬೈ, ಕಲಕತ್ತೆ. ಎರಡು ಬೇರೆ ಬೇರೆ ದಿಕ್ಕಿನ ಗಾಡಿಯಿಂದ ಇಳಿದವರು ಒಂದೇ ಉತ್ತರ ಹೇಳಿದರೆ ಮಾತ್ರ ಅದು ಖರೆ. ಇಲ್ಲದಿದ್ದರೆ ಪ್ರಶ್ನೆ ನಾಳೆಗೂ ನಡೆಯುತ್ತದೆ, ನಾಡಿದ್ದಿಗೂ ನಡೆಯುತ್ತದೆ. "ಒಂದ ದಿಕ್ಕಿನ ಮಂದಿ ಎಲ್ಲಾರೂ ಕೂಡಿ ತಪ್ಪು ಹೇಳಬಹುದು ನೋಡ್ರಿ," ಎನ್ನುತ್ತಾಳೆ. "ಮುಂಬೈದವ್ರು ಹೇಳಿದ್ದ ಕಲಕತ್ತಾದವ್ರೂ ಹೇಳಿದ್ರ ಬರೋಬರ್."

ಮೀಸೆ ಇಲ್ಲದವನು ಆಟೀನ್ ರಾಜ. ಅವತ್ತು ಮಧ್ಯಾಹ್ನದೊಳಗೆ ದಿಲ್ಲಿಯವರೂ ಕಲಕತ್ತೆಯವರೂ ಒಪ್ಪಿದರು. ಕಲಕತ್ತೆಯ ಅಜ್ಜಿಯಂತೂ ಪೆಟ್ಟಿಗೆಯ ತಳದಿಂದ ಇಸ್ಪೀಟಿನ ಕಟ್ಟನ್ನೇ ತೆಗೆದು ತೋರಿಸಿದರು. ತೀರ್ಥಯಾತ್ರೆಗೆ ಹೊರಟ ಅಜ್ಜಿಯ ಪೆಟ್ಟಿಗೆಯಲ್ಲಿ ಇಸ್ಪೀಟು ಯಾಕಿತ್ತು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಪ್ರಶ್ನೆಗಳು ಎಲ್ಲಿಂದ ಬರುತ್ತವೆ? "ನಾ ಒಂದು ಕೇಳಿದ್ರ, ಅವ್ರು ಹೋಗೂ ಮುಂದ ನನಗೊಂದು ಕೊಟ್ಟು ಹೋಗ್ತಾರ," ಎನ್ನುತ್ತಾಳೆ ಮಹಾದೇವಮ್ಮ. ಸಿನಿಮಾ ಟಾಕೀಸಿನ ಮಾಲೀಕರ ಹೆಂಡತಿ ಕೊಟ್ಟದ್ದು: ಬೆಳ್ಳಿತೆರೆಯ ಮೇಲೆ ಒಂದು ಸೆಕೆಂಡಿಗೆ ಎಷ್ಟು ಚಿತ್ರ ಹಾದುಹೋಗುತ್ತವೆ? ಇಪ್ಪತ್ತನಾಲ್ಕು. ಕಾಲೇಜು ಹುಡುಗಿಯರ ಗುಂಪು ಕೊಟ್ಟದ್ದು: ಒಂದೂ ಚೆಂಡು ಎದುರಿಸದೆ ದಾಂಡಿಗ ಔಟಾಗಬಹುದೇ? ಆಗಬಹುದು, ಆಚೆ ತುದಿಯಲ್ಲಿ ಸುಮ್ಮನೆ ನಿಂತವನೂ ರನ್ ಔಟ್ ಆಗುತ್ತಾನೆ. ಇದನ್ನು ಕೇಳಿ ಮಹಾದೇವಮ್ಮನಿಗೆ ಆ ಪಾಪದವನ ಮೇಲೆ ಇವತ್ತಿಗೂ ಕನಿಕರ. ಮೆಲ್ಬರ್ನಿನ ಒಲಿಂಪಿಕ್ಸಿನಲ್ಲಿ ನಮ್ಮ ಹಾಕಿಯವರಿಗೆ ಎದುರಾಳಿಗಳು ಎಷ್ಟು ಗೋಲು ಹೊಡೆದರು ಎಂಬ ಪ್ರಶ್ನೆಗೆ "ಒಂದೂ ಇಲ್ಲ" ಎಂಬ ಉತ್ತರ ನಾಲ್ಕೂ ದಿಕ್ಕಿನಿಂದ ಒಂದೇ ದಿನ ಬಂದಿತು. ಅಷ್ಟು ಬೇಗ ಮುಗಿದ ಪ್ರಶ್ನೆ ಇನ್ನೊಂದಿಲ್ಲ.

ಅವಳಿಗೆ ಅತಿ ಇಷ್ಟವಾದದ್ದು ಹಾಡಿನ ಪ್ರಶ್ನೆ. ಹಾಡು ಮುಗಿಯುವಾಗ ಕವಿ ತನ್ನ ಹೆಸರನ್ನು ಯಾಕೆ ಸೇರಿಸುತ್ತಾನೆ? ಲಖನೌದ ಬೇಗಂ ಒಬ್ಬರು ಗಜಲಿನ ಕೊನೆಯ ಜೋಡಿಸಾಲಿನ ಮಾತು ಹೇಳಿದರು. ಪಂಢರಪುರದ ಕಡೆಯವರು ಅಭಂಗದ ಮಾತು ಹೇಳಿದರು. ಬೇರೆಯವರು ಕದಿಯಬಾರದೆಂದು ಒಬ್ಬರು, ಕೇಳಿದವರು ನೆನೆಯಲೆಂದು ಇನ್ನೊಬ್ಬರು. "ನಮ್ಮ ವಚನದಾಗ ತಮ್ಮ ಹೆಸರಿಲ್ಲ, ದೇವರ ಹೆಸರು ಹಾಕ್ಯಾರ ಅಂತ ನಾ ಹೇಳಿದೆ. ಆ ಬೇಗಂ ನನ್ನ ಕಡಿಂದ ಒಂದು ವಚನ ಹೇಳಿಸಿ ಕೇಳಿದ್ರು," ಎಂದು ಮಹಾದೇವಮ್ಮ ನೆನೆಯುತ್ತಾಳೆ. ಆ ಪ್ರಶ್ನೆ ತಿಂಗಳುಗಟ್ಟಲೆ ನಡೆಯಿತು, ಮುಗಿಯಿತೆಂದು ಅವಳು ಇನ್ನೂ ಹೇಳಿಲ್ಲ.

ನಾಗಪುರಕ್ಕಿದ್ದ ರಾಜಧಾನಿಯ ಪಟ್ಟ ತಪ್ಪಿ ಮುಂಬೈಗೆ ಹೋದ ಮೇಲೆ ಸಿವಿಲ್ ಲೈನ್ಸಿನ ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿ ಇದೇ ಕೋಣೆಯಲ್ಲಿ ಗಾಡಿ ಕಾದವು. ಹಾಗೆ ಹೊರಟವರಲ್ಲಿ ಮೈಸೂರು ಕಡೆಯ ವಸುಧಾ ಒಬ್ಬರು. ಈಗ ಇಲ್ಲೇ ಉಳಿದ ತಾಯಿಯನ್ನು ನೋಡಲು ಆಗಾಗ ಬಂದುಹೋಗುತ್ತಾರೆ. "ಅವತ್ತು ಮನೆ ಬಿಟ್ಟು ಬಂದ ಸಂಕಟಕ್ಕೆ ನಾನು ಅಳ್ತಾ ಕೂತಿದ್ದೆ. ಈಯಮ್ಮ ಬಂದು, ಕೇರಂ ಬೋರ್ಡಿನಲ್ಲಿ ರಾಣಿ ಸೇರಿ ಎಷ್ಟು ಕಾಯಿ ಅಂತ ಕೇಳಿದರು. ಎಣಿಸ್ತಾ ಎಣಿಸ್ತಾ ಅಳು ನಿಂತೇಹೋಯ್ತು," ಎನ್ನುತ್ತಾರೆ.

ಇಷ್ಟೆಲ್ಲ ತಮಾಷೆಯ ಬುಡದಲ್ಲಿ ಇರುವುದು ತಮಾಷೆಯಲ್ಲ. ಊರವರಿಗೆಲ್ಲ ಪ್ರಶ್ನೆ ಹಂಚುವ ಈಕೆ ಶುರು ಮಾಡಿದ್ದು ಒಂದೇ ಒಂದು ಪ್ರಶ್ನೆಯಿಂದ, ಅದೂ ತನ್ನ ತವರನ್ನು ಉಳಿಸಿಕೊಳ್ಳಲು.

ಮಹಾದೇವಮ್ಮನ ಗಂಡ ಗುಂಡಪ್ಪ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್. ಮದುವೆಯಾಗಿ ಅವನ ಹಿಂದೆ ನಾಗಪುರಕ್ಕೆ ಬಂದವಳು ಇವಳು. ತಂದೆ ತಾಯಿ ತೀರಿಕೊಂಡ ಮೇಲೆ ಒಬ್ಬನೇ ತಮ್ಮ ರುದ್ರಪ್ಪನೂ ಅಕ್ಕನ ಬೆನ್ನು ಹಿಡಿದು ಬಂದು ನಾಗಪುರದ ಪಕ್ಕದ ಕಾಮಠಿಯಲ್ಲಿ ಮಗ್ಗ ಹೂಡಿದ. ಹೀಗಾಗಿ ಬೆಟಗೇರಿಯಲ್ಲಿ ಯಾರೂ ಉಳಿಯದಿದ್ದರೂ ಅವಳಿಗೆ ತವರು ಉಳಿಯಿತು. ಪ್ರತಿ ನಾಗರಪಂಚಮಿಗೆ ರುದ್ರಪ್ಪ ಬಂದು ಅಕ್ಕನನ್ನು ಕಾಮಠಿಗೆ ಕರೆದೊಯ್ಯುತ್ತಿದ್ದ. ಅಲ್ಲಿ ಉಂಡಿ, ಜೋಕಾಲಿ, ಎರಡು ದಿನ ಕೆಲಸ ಮುಟ್ಟದ ಸುಖ. ಉತ್ತರ ಕರ್ನಾಟಕದ ಹೆಣ್ಣುಮಗಳಿಗೆ ಪಂಚಮಿಯ ಕರೆ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕರೆಯಲು ಅಣ್ಣನೋ ತಮ್ಮನೋ ಬರಬೇಕು. ತಾನಾಗಿ ಹೋದರೆ ಅದು ನೆಂಟರ ಮನೆಗೆ ಹೋದ ಹಾಗೆ, ಅಷ್ಟೆ.

ಭಾನುವಾರ ಭಾನುವಾರ ಭಾವ ಮೈದುನರ ಚದುರಂಗ. ಗುಂಡಪ್ಪ ಕಲಿತದ್ದು ಬೆಟಗೇರಿಯ ಗುಡಿಯ ಕಟ್ಟೆಯ ಮೇಲೆ. ರುದ್ರಪ್ಪ ಕಲಿತದ್ದೂ ಅಲ್ಲೇ. ಆದರೆ ಮಗ್ಗಕ್ಕೆ ಕೆಲಸವಿಲ್ಲದ ಒಂದು ವರ್ಷ ಅವನು ಕಾಮಠಿಯ ದಂಡಿನ ಮೆಸ್ಸಿಗೆ ಸಾಮಾನು ಹೊತ್ತು ಹಾಕಲು ಹೋಗಿ, ಅಲ್ಲಿನವರ ಆಟ ನೋಡಿ ಬಂದ. ಅದರ ಮುಂದಿನ ಭಾನುವಾರ ಕಾಲಾಳನ್ನು ಮೊದಲ ನಡೆಗೇ ಎರಡು ಮನೆ ಮುಂದಿಟ್ಟ. ಗುಂಡಪ್ಪ ಕಾಯಿಯನ್ನು ಒಂದು ಮನೆ ಹಿಂದಕ್ಕೆ ಎಳೆದ. ರುದ್ರಪ್ಪ ಮತ್ತೆ ಮುಂದಿಟ್ಟ.

"ಎರಡು ಮನಿ ಹಾರೂದಕ್ಕ ಅದೇನು ಕಪ್ಪಿ ಐತೇನು?" ಎಂದ ಗುಂಡಪ್ಪ.

"ನಿಂದು ಹಳ್ಳಿ ಆಟ, ಮಾವ," ಎಂದ ರುದ್ರಪ್ಪ.

ಅಷ್ಟೇ. ಅಕ್ಕ ಬಡಿಸಿಟ್ಟ ಊಟವನ್ನೂ ಮುಟ್ಟದೆ ರುದ್ರಪ್ಪ ಎದ್ದುಹೋದ. ಆ ವರ್ಷ ಪಂಚಮಿಗೆ ಕರೆಯಲು ಬರಲಿಲ್ಲ, ಮುಂದಿನ ವರ್ಷವೂ ಬರಲಿಲ್ಲ. ಹೀಗೆ ಐದು ಪಂಚಮಿ ಕಳೆದವು. ಇಬ್ಬರೂ ಒಳ್ಳೆಯವರೇ, ಕುಡಿತವಿಲ್ಲ, ಜೂಜಿಲ್ಲ. ಒಂದು ಮರದ ಕಾಯಿಯ ಮುಂದೆ ಮಾತ್ರ ಇಬ್ಬರಿಗೂ ಕತ್ತು ಬಾಗಲಿಲ್ಲ.

ಯಾರು ಸರಿ ಎಂದು ಗೊತ್ತಾದರೆ ತಪ್ಪಿದವರು ಸೋಲೊಪ್ಪುತ್ತಾರೆ, ಜಗಳ ಮುಗಿಯುತ್ತದೆ ಎಂದುಕೊಂಡಳು ಮಹಾದೇವಮ್ಮ. ಜಗಳದ ಮರುದಿನದಿಂದಲೇ ವೇಟಿಂಗ್ ರೂಮಿಗೆ ಬಂದವರನ್ನೆಲ್ಲ ಕೇಳತೊಡಗಿದಳು: ಚದುರಂಗದ ಕಾಲಾಳು ಮೊದಲ ನಡೆಗೆ ಎಷ್ಟು ಮನೆ? ಹೆಂಗಸರಲ್ಲಿ ಚದುರಂಗ ಬಲ್ಲವರು ಅಪರೂಪ. "ನಮ್ಮವರನ್ನ ಕೇಳಿ ಹೇಳ್ತೀನಿ" ಎಂದು ಗಾಡಿ ಹತ್ತಿದವರು ವರ್ಷದ ಮೇಲೆ ವಾಪಸಾಗುವಾಗ ನೆನಪಿಟ್ಟು ಹೇಳಿದ್ದುಂಟು. ಅದೊಂದನ್ನೇ ಕೇಳಿದರೆ ಮಂದಿ ಹುಚ್ಚಿ ಎಂದಾರೆಂದು ಜೊತೆಗೆ ಬೇರೆ ಪ್ರಶ್ನೆಗಳನ್ನೂ ಸೇರಿಸಿದಳು. ಸೇರಿಸಿದ್ದೇ ಚಟವಾಯಿತು.

ಮೊದಲ ವರ್ಷ ಒಂದು ಎಡವಟ್ಟೂ ಆಯಿತು. ದಿಲ್ಲಿ ಕಡೆಯಿಂದ ಬಂದ ಹೆಂಗಸೊಬ್ಬರು "ಎರಡು ಮನೆ" ಎಂದರು. ಅದೇ ವಾರ ಮದ್ರಾಸ್ ಕಡೆಯಿಂದ ಬಂದ ಇನ್ನೊಬ್ಬರೂ "ಎರಡು" ಎಂದರು. ಎರಡು ದಿಕ್ಕು ಕೂಡಿತಲ್ಲ! ಮಹಾದೇವಮ್ಮ ಮನೆಗೆ ಓಡಿ ಗಂಡನಿಗೆ "ನಿಮ್ಮದ ತಪ್ಪು" ಎಂದುಬಿಟ್ಟಳು. ಗುಂಡಪ್ಪ ಚದುರಂಗದ ಹಾಸನ್ನು ಮಡಿಸಿ ಅಟ್ಟದ ಮೇಲಿಟ್ಟ. ವಾರ ಕಳೆದ ಮೇಲೆ ನೋಡಿದರೆ ಅದೇ ಇಬ್ಬರು ಹೆಂಗಸರು ಒಂದೇ ಬೆಂಚಿನ ಮೇಲೆ ಕೂತು ಒಂದೇ ಡಬ್ಬಿಯಿಂದ ಪೂರಿ ತಿನ್ನುತ್ತಿದ್ದಾರೆ! ಒಡಹುಟ್ಟಿದ ಅಕ್ಕ ತಂಗಿ, ನಾಗಪುರದ ಮದುವೆಗೆಂದು ಎರಡು ಕಡೆಯಿಂದ ಬಂದಿದ್ದವರು. ಒಂದೇ ಮನೆಯ ಮಾತು ಎರಡು ಗಾಡಿ ಹತ್ತಿ ಬಂದಿತ್ತು.

"ಅವತ್ತಿನಿಂದ ಉತ್ತರ ಒಂದ ಕೇಳೂದಿಲ್ರಿ. ಯಾರ ಹತ್ರ ಕಲಿತ್ರಿ ಅಂತನೂ ಕೇಳ್ತೀನಿ," ಎನ್ನುತ್ತಾಳೆ. ಹಾಗೆ ಕೇಳಿದ್ದರಿಂದಲೇ ಕೊನೆಗೆ ಬಾಗಿಲು ತೆರೆಯಿತು. ಕ್ಲಬ್ಬಿನಲ್ಲಿ, ದಂಡಿನಲ್ಲಿ, ಇಂಗ್ಲಿಷ್ ಪುಸ್ತಕದಲ್ಲಿ ಕಲಿತವರೆಲ್ಲ ಎರಡು ಎನ್ನುತ್ತಾರೆ. ಅಜ್ಜನಿಂದ, ಗುಡಿಯ ಕಟ್ಟೆಯಲ್ಲಿ ಕಲಿತವರೆಲ್ಲ ಒಂದು ಎನ್ನುತ್ತಾರೆ, ಅವರು ಯಾವ ದಿಕ್ಕಿನವರೇ ಆಗಿರಲಿ. ಇದೂ ಸರಿ, ಅದೂ ಸರಿ. ಆಟ ಎರಡು ರೀತಿ. ಈ ಸಲದ ಆಷಾಢದಲ್ಲಿ ಇದು ಅವಳಿಗೆ ಖಾತ್ರಿಯಾಯಿತು.

ರಜೆಯ ದಿನ ಪ್ಯಾಸೆಂಜರ್ ಗಾಡಿ ಹತ್ತಿ ಕಾಮಠಿಗೆ ಹೋದಳು. ರುದ್ರಪ್ಪ ಮಗ್ಗ ನಿಲ್ಲಿಸಿ ಅಕ್ಕನ ಮಾತನ್ನು ಕೊನೆಯವರೆಗೂ ಕೇಳಿದ.

"ಗೊತ್ತೈತಿ ಅಕ್ಕಾ," ಎಂದ.

"ಎಂದಿನಿಂದ ಗೊತ್ತೈತಿ?"

"ಜಗಳ ಆದ ತಿಂಗಳದಾಗನ. ಮೆಸ್ಸಿನ್ಯಾಗ ಒಬ್ಬ ಸುಬೇದಾರ ಹೇಳಿದ, ಊರಾಗಿನ ಆಟಕ್ಕ ಒಂದ ಮನಿ ಅಂತ."

"ಮತ್ತ ಯಾಕ ಬರಲಿಲ್ಲೋ?"

"ಮಾವ ಕರೀಲಿ ಅಂತಿದ್ದೆ."

ಮಹಾದೇವಮ್ಮ ಅಲ್ಲಿ ನೀರೂ ಮುಟ್ಟಲಿಲ್ಲ. ಸಂಜೆಯ ಗಾಡಿಗೆ ವಾಪಸು ಬಂದು ಗಂಡನನ್ನು ಕೇಳಿದಳು. ಗುಂಡಪ್ಪ ನೆಲ ನೋಡಿದ. ಸಾಹೇಬರ ಆಟಕ್ಕೆ ಎರಡು ಮನೆ ಎಂದು ಶೆಡ್ಡಿನ ಆಂಗ್ಲೋ ಇಂಡಿಯನ್ ಫೋರ್ಮನ್ ತನಗೂ ಆಗಲೇ ಹೇಳಿದ್ದನೆಂದೂ, ಹುಡುಗ ತಾನಾಗಿ ಬರಲೆಂದು ಕಾದಿದ್ದೆನೆಂದೂ ಒಪ್ಪಿಕೊಂಡ.

"ನಾಕೂ ದಿಕ್ಕಿನ ಮಂದೀನ ಕೇಳೀನಿ," ಎನ್ನುವಾಗ ಅವಳಿಗೆ ಈಗಲೂ ಸಿಟ್ಟು ಬರುತ್ತದೆ, ಕಣ್ಣೂ ತುಂಬುತ್ತದೆ. "ಮನ್ಯಾಗಿನ ಗಂಡನ್ನ ಕೇಳಲಿಲ್ಲ, ಕಾಮಠ್ಯಾಗಿನ ತಮ್ಮನ್ನ ಕೇಳಲಿಲ್ಲ. ಉತ್ತರ ಇಬ್ಬರ ಕಿಸೇದಾಗೂ ಇತ್ತು. ಅವತ್ತ ನಾ ಒಲಿ ಹಚ್ಚಲಿಲ್ಲ. ಉಪಾಸ ಮಲಗ್ಲಿ ಅಂದೆ." ಸಂಧಾನಕ್ಕೂ ಹೋಗಲಿಲ್ಲ. ಬೇಕಾದವರು ಬರಲಿ, ಬೇಡದಿದ್ದರೆ ಇದು ಆರನೆಯ ಪಂಚಮಿ ಎಂದು ಗಟ್ಟಿ ಮನಸ್ಸು ಮಾಡಿ ಕೆಲಸಕ್ಕೆ ಬಂದಳು. ಮನಸ್ಸು ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಅದರ ಮುಂದಿನ ದಿನಗಳಲ್ಲಿ ಅವಳು ಯಾರಿಗೂ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ ಎಂದು ಪಕ್ಕದ ಹಣ್ಣಿನ ಗಾಡಿಯವರು ಹೇಳುತ್ತಾರೆ.

ಶ್ರಾವಣ ಹುಟ್ಟಿದ ಮೂರನೆಯ ಬೆಳಿಗ್ಗೆ, ಕೋಣೆ ತುಂಬ ಜನ. ಮುಂಬೈ ಗಾಡಿಯವರು ಹೊರಡುವ ಗಡಿಬಿಡಿ. ಗಂಡಸರು ಹೊಸ್ತಿಲು ದಾಟುವಂತಿಲ್ಲದ ಆ ಬಾಗಿಲ ಹೊರಗೆ ಯಾರೋ ಕೆಮ್ಮಿದರು. ಮಹಾದೇವಮ್ಮ ಒರೆಸುವ ಬಟ್ಟೆ ಹಿಡಿದುಕೊಂಡೇ ತಿರುಗಿ ನೋಡಿದಳು. ರುದ್ರಪ್ಪ, ಬಿಳಿ ರುಮಾಲು ಸುತ್ತಿ, ಬಗಲಲ್ಲಿ ಕುಬಸದ ಖಣ ಇಟ್ಟುಕೊಂಡು ನಿಂತಿದ್ದ.

"ಅಕ್ಕಾ, ಪಂಚಮಿಗೆ ಕರಿಯಾಕ ಬಂದೀನಿ," ಎಂದ.

"ಒಬ್ಬಾಕಿ ಬರೂದಿಲ್ಲ."

"ಮತ್ತ?"

"ಮಾವನ್ನ ಕರಿ. ಶೆಡ್ಡಿನ್ಯಾಗ ಅದಾರ. ಜಲ್ದಿ ಹೋಗು, ರಾತ್ರಿ ಡ್ಯೂಟಿ ಬಿಡೂ ಹೊತ್ತು."

ರುದ್ರಪ್ಪ ರುಮಾಲು ಸರಿಪಡಿಸಿಕೊಂಡ. ಆಮೇಲೆ ಖಣವನ್ನು ಅಕ್ಕನ ಕೈಗೆ ಕೊಟ್ಟು, ಪ್ಲಾಟ್‌ಫಾರ್ಮಿನ ಜನರ ನಡುವೆ ಹೆಜ್ಜೆ ಹಾಕುತ್ತ ಶೆಡ್ಡಿನ ಕಡೆ ಹೋದ. ಅವನು ಕಣ್ಮರೆಯಾಗುವವರೆಗೂ ಮಹಾದೇವಮ್ಮ ಬಾಗಿಲಲ್ಲೇ ಇದ್ದಳು. ಬೆಂಚಿನ ಮೇಲಿದ್ದ ಮರಾಠಿ ಹೆಂಗಸೊಬ್ಬರು ಕುತೂಹಲ ತಡೆಯಲಾರದೆ ಅವರು ಯಾರು ಎಂದು ಕೇಳಿದರು.

"ನನ್ನ ತೌರಮನಿರಿ," ಎಂದಳು ಮಹಾದೇವಮ್ಮ. "ನಡಕೊಂತ ಬಂದಿತ್ತು."