ಸೊಸೆಯ ಮೇಲೆ ಹೊರಿಸಿದ ಮೀನುಗಳ ಸಾವು

ನಮ್ಮೂರ ಹನುಮಪ್ಪ ಹುಚ್ಚರಾಯಸ್ವಾಮಿಯನ್ನು ನಂಬಿ ನಡೆಯುವ ಎಲ್ಲರಿಗೂ ಶಿಕಾರಿಪುರದಿಂದ ಒಬ್ಬ ಅತ್ತೆಯ ನಮಸ್ಕಾರ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಅಕ್ವೇರಿಯಂನಲ್ಲಿ ಮೀನುಗಳು ಒಂದೊಂದಾಗಿ ಸಾಯತೊಡಗಿದವು. ಮೀನು ಸತ್ತದ್ದಕ್ಕೆಲ್ಲ ದೇವರ ಹತ್ತಿರ ಹೋಗಬೇಕೇ ಎಂದು ಕೇಳಬೇಡಿ. ಮನೆಯಲ್ಲಿ ಬಸುರಿ ಸೊಸೆ ಇದ್ದಳು. ಜೊತೆಗೆ ನನ್ನ ಅತ್ತಿಗೆ, ಯಜಮಾನರ ಅಕ್ಕ, ಇದ್ದರು. ಅದಕ್ಕೇ ಹೋಗಬೇಕಾಯಿತು.

ಸೊಸೆ ಸಹನಾ ಸೊರಬದವಳು. ಕಾಲೇಜಿಗೆ ಹೋಗುವಾಗಿನಿಂದ ಮೀನು ಸಾಕಿದವಳು. ಮದುವೆಯಾಗಿ ಬರುವಾಗ ಒಡವೆಗಿಂತ ಜೋಪಾನವಾಗಿ ಆ ಗಾಜಿನ ತೊಟ್ಟಿಯನ್ನು ತಂದಿದ್ದಳು. ಮಿಂಚುವ ಟೆಟ್ರಾಗಳು, ತಳದಲ್ಲಿ ಮೀಸೆ ಆಡಿಸಿಕೊಂಡು ತಿರುಗುವ ಪುಟ್ಟ ಮೀನುಗಳು, ಕಪ್ಪು ಮೋಲಿಗಳು, ಎಲ್ಲವೂ ಚೆನ್ನಾಗಿದ್ದವು. ಅವಳು ಬಸುರಿ ಎಂದು ತಿಳಿದದ್ದೇ ತಡ, ಅತ್ತಿಗೆ ಅವಳನ್ನು ತೊಟ್ಟಿಯ ಹತ್ತಿರ ಬಿಡಲಿಲ್ಲ. ಬಸುರಿಯಾದವಳು ಆ ನೀರು ಮುಟ್ಟಬಾರದಂತೆ, ಹಿರಿಯರು ಹೇಳಿದ್ದಾರಂತೆ. ಆ ಹಿರಿಯರಲ್ಲಿ ಒಬ್ಬರೂ ಅಕ್ವೇರಿಯಂ ಕಂಡವರಲ್ಲ. ನೀರು ಇಳಿದಾಗ ಮೇಲಿಂದ ಒಂದು ಬಿಂದಿಗೆ ಸುರಿಯುವುದಷ್ಟೇ ನನ್ನ ಮಗನ ಪಾಲಿನ ಸೇವೆಯಾಗಿತ್ತು.

ಮೊದಲು ಮೀಸೆಯ ಮೀನುಗಳು ಹೋದವು, ಆಮೇಲೆ ಟೆಟ್ರಾಗಳು. ಅತ್ತಿಗೆ ಇರುವುದು ಪಕ್ಕದ ಬೀದಿಯಲ್ಲಿ, ಆದರೆ ಬೆಳಗಿನ ಕಾಫಿಯಿಂದ ರಾತ್ರಿಯ ಊಟದವರೆಗೆ ನಮ್ಮಲ್ಲೇ. ಸತ್ತ ಮೀನನ್ನು ಕಂಡಾಗಲೆಲ್ಲ ಸೊಸೆಯ ಪಾದ ನೋಡುತ್ತಿದ್ದರು. ಕೊನೆಗೆ ಅಂಜನ ಹಾಕುವವನೊಬ್ಬನ ಬಳಿ ಹೋಗಿಬಂದರು. ಪಡುವಣದಿಂದ ಬಂದ ಹೆಣ್ಣಿನ ಕಾಲ್ಗುಣ ಎಂದು ಅವನು ಹೇಳಿದನಂತೆ. ಸೊರಬ ನಮಗೆ ಪಡುವಣಕ್ಕಿದೆ ಎಂಬುದನ್ನು ಕಂಡುಹಿಡಿಯಲು ಅವನಿಗೆ ಅಂಜನ ಬೇಕಾಗಿರಲಿಕ್ಕಿಲ್ಲ. ನಮ್ಮ ಅತ್ತಿಗೆ ಅವನ ಮುಂದೆ ಕೂತು ಸುಮ್ಮನಿದ್ದವರಲ್ಲ.

ಅದೇ ವಾರ ಸಹನಾಗೆ ಸ್ವಲ್ಪ ರಕ್ತ ಕಾಣಿಸಿತು. ಕೂಡಲೇ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದೆವು. ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ ಮಗುವಿನ ಹೃದಯಬಡಿತ ಚೆನ್ನಾಗಿದೆ, ವಿಶ್ರಾಂತಿ ಬೇಕು, ಹೊಟ್ಟೆ ತುಂಬ ಊಟ ಬೇಕು ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತಿಗೆ, ಸೊಸೆ ಬಾಗಿಲಲ್ಲಿ ನಿಂತಿರುವಾಗಲೇ ನನಗೆ ಹೇಳಿದರು:

“ನೀರಾಗಿನ ಮೀನೇ ಇವಳ ಕಾಲ್ಗುಣಕ್ಕೆ ಉಳೀಲಿಲ್ಲ. ಹೊಟ್ಟೆಯಾಗಿಂದು ಉಳಿತೈತಾ?”

ಮನೆಗೆ ಬಂದ ಮೇಲೆ ಹುಡುಗಿ ಅನ್ನ ಬಿಟ್ಟಳು. ಎರಡು ತುತ್ತು ತಿಂದು ತಟ್ಟೆ ಸರಿಸುವಳು. ನನ್ನ ಮಗ ದೊಡ್ಡತ್ತೆಗೆ ಎದುರಾಡುವುದು ಹೇಗೆ ಎಂದು ಫೋನು ನೋಡುತ್ತ ಕೂತ. ಮೀಸೆ ಇರುವ ಗಂಡಸು! ತೊಟ್ಟಿಯ ತಳದ ಮೀನಿಗೂ ಮೀಸೆ ಇತ್ತು. ಸಹನಾಳ ಅಪ್ಪ ಬಂದು ಮಗಳನ್ನು ಸೊರಬಕ್ಕೆ ಕರೆದುಕೊಂಡು ಹೋದರು. ಇನ್ನು ಅವಳು ಈ ಹೊಸಿಲು ತುಳಿಯುವುದು ಬೇಡ ಎಂದು ಅತ್ತಿಗೆ ತೀರ್ಪು ಕೊಟ್ಟರು.

ಶನಿವಾರ ದೇವಸ್ಥಾನಕ್ಕೆ ಹೋದೆ. ಭಕ್ತಿಯಿಂದ ಹೋದೆ ಎಂದರೆ ಸುಳ್ಳಾಗುತ್ತದೆ, ಜಗಳಕ್ಕೇ ಹೋದೆ. ಲೋಕದ ಬೇಡದ ಮಾತಿಗೆಲ್ಲ ನಿನ್ನ ಹೆಸರು ಹಚ್ಚುತ್ತಾರೆ, ನೀನು ಕಲ್ಲಾಗಿ ಕೂತಿದ್ದೀಯ, ಆ ಹುಡುಗಿಯ ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಅದನ್ನಾದರೂ ತೋರಿಸು ಎಂದು ಸ್ವಾಮಿಯ ಮುಂದೆ ಕಣ್ಣೀರಿಟ್ಟೆ. ಸಿಟ್ಟಿನಲ್ಲೇ ಕಾಯಿ ಒಡೆದೆ. ಚಿಪ್ಪಿನ ಅಂಚು ತಾಗಿ ಬೆರಳು ಸೀಳಿತು. ಕೇಳಿದ್ದಕ್ಕೆ ಇದಾ ಉತ್ತರ ಎಂದು ಬೈದುಕೊಳ್ಳುತ್ತ ಮನೆಗೆ ಬಂದೆ.

ತೊಟ್ಟಿಯಲ್ಲಿ ಮತ್ತೊಂದು ಟೆಟ್ರಾ ತೇಲುತ್ತಿತ್ತು. ತೆಗೆಯಲೆಂದು ಕೈ ಹಾಕಿದೆ. ಗಾಯ ಭಗ್ಗೆಂದು ಉರಿಯಿತು. ಬರೀ ನಲ್ಲಿಯ ನೀರು ಹಾಗೆ ಉರಿಯುವುದಿಲ್ಲ. ಬೆರಳನ್ನು ನಾಲಿಗೆಗೆ ಮುಟ್ಟಿಸಿದೆ. ಉಪ್ಪೋ ಉಪ್ಪು, ಸಾರಿಗೆ ಹಾಕಿದ ಹಾಗೆ.

ಅಡುಗೆಮನೆಯಲ್ಲಿದ್ದ ಅತ್ತಿಗೆಯನ್ನು ಕರೆದು ಕೇಳಿದೆ. ಅವರಿಗೆ ಅಳುಕಾಗಲಿಲ್ಲ, ಹೆಮ್ಮೆಯೇ ಆಯಿತು. ಬಂದವರೆಲ್ಲ ತೊಟ್ಟಿ ನೋಡುತ್ತಾರೆ, ಬಸುರಿ ಇರುವ ಮನೆ, ದೃಷ್ಟಿಯಾಗಬಾರದೆಂದು ದಿನವೂ ಉಪ್ಪು ನೀವಾಳಿಸಿ ಅದರಲ್ಲೇ ಹಾಕುತ್ತಿದ್ದರಂತೆ. ಮೀನು ಸಾಯತೊಡಗಿದ ಮೇಲೆ ದೃಷ್ಟಿ ಬಲವಾಗಿದೆ ಎಂದು ಅಂಜನದವನು ಹೇಳಿದನಂತೆ, ಅದಕ್ಕೆ ಒಂದು ಹಿಡಿ ಇದ್ದದ್ದು ಎರಡು ಹಿಡಿಯಾಯಿತಂತೆ.

ನಾನು ಒಂದು ಲೋಟದಲ್ಲಿ ಆ ನೀರನ್ನು ತುಂಬಿ ಹಿಡಿದೆ. “ತಗಳ್ರಿ ಅತ್ತಿಗೆ, ನಿಮ್ಮದೇ ತೀರ್ಥ. ಒಂದು ಗುಟುಕು ಕುಡಿದು ಆಮೇಲೆ ನನ್ನ ಸೊಸೆಯ ಕಾಲ್ಗುಣ ಹೇಳ್ರಿ.”

ಮೂವತ್ತು ವರ್ಷದಲ್ಲಿ ಮೊದಲ ಸಲ ಅವರು ರಾತ್ರಿಯ ಊಟಕ್ಕೆ ಮೊದಲೇ ತಮ್ಮ ಮನೆಗೆ ಹೋದರು.

ಅದೇ ನೀರನ್ನು ಬಾಟಲಿಗೆ ತುಂಬಿಕೊಂಡು, ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಸೊರಬಕ್ಕೆ ಹೋದೆ. ಸಹನಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನೀರಿನ ಒಂದು ಹನಿ ನಾಲಿಗೆಗೆ ಹಚ್ಚಿ ಎದ್ದು ಕೂತಳು. ಇವು ಸಿಹಿನೀರಿನ ಮೀನುಗಳು, ನೀರು ಆರಿಹೋದರೂ ಉಪ್ಪು ಅಲ್ಲೇ ಉಳಿಯುತ್ತದೆ, ಮೇಲೆ ನೀರು ಸುರಿದು ಮತ್ತೆ ಉಪ್ಪು ಹಾಕಿದರೆ ಏರುತ್ತಲೇ ಹೋಗುತ್ತದೆ ಎಂದಳು. ಉಪ್ಪು ತಾಳದ ಮೀಸೆಯ ಮೀನುಗಳು ಮೊದಲು ಸತ್ತವು, ಮೋಲಿಗಳು ತಾಳಿಕೊಂಡವು. ಈಗ ಗಾಬರಿಯಲ್ಲಿ ಎಲ್ಲ ನೀರು ಚೆಲ್ಲಬೇಡಿ, ದಿನಾ ಸ್ವಲ್ಪ ಸ್ವಲ್ಪ ಬದಲಿಸಿ, ಒಮ್ಮೆಗೇ ಮಾಡಿದರೆ ಉಳಿದವೂ ಸಾಯುತ್ತವೆ ಎಂದಳು. ಇಷ್ಟು ಹೇಳಿ ನನ್ನ ಕೈ ಹಿಡಿದುಕೊಂಡಳು.

“ಹಂಗಾದ್ರೆ ನನ್ನ ಕೂಸಿಗೆ ಏನೂ ಆಗದಿಲ್ಲ ಅಲ್ದಾ ಅತ್ತೆ?”

“ಡಾಕ್ಟರಮ್ಮ ಹೇಳಿದ್ದು ಕೇಳಿದೆಯಲ್ಲ. ಊಟ ಮಾಡು.”

ಅವಳಮ್ಮ ಅನ್ನ ಸಾರು ತಂದರು. ಎರಡನೇ ಸಲ ಬಡಿಸಿಕೊಂಡಳು. ನಾನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ಮಗ ಸೊರಬಕ್ಕೆ ಹೋಗಿ ಹೆಂಡತಿಯನ್ನು ಕರೆತಂದ. ಹೊಸಿಲ ಮೇಲೆ ನಾನೇ ಆರತಿ ಎತ್ತಿದೆ. ತಿಂಗಳು ತುಂಬಿ ಹೆಣ್ಣು ಮಗು ಹುಟ್ಟಿತು, ಗುಂಡಗಿದೆ. ನಾಮಕರಣಕ್ಕೆ ಅತ್ತಿಗೆಯೂ ಬಂದಿದ್ದರು. ತಾನು ದೃಷ್ಟಿ ತೆಗೆದದ್ದಕ್ಕೇ ಕೂಸು ಉಳಿಯಿತು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅಂಥವರಿಗೆ ನಾಚಿಕೆ ಕೊಡುವುದು ದೇವರಿಗೂ ಆಗದ ಕೆಲಸ.

ಆದರೆ ಬಂಧುಗಳೇ, ಜಗಳಕ್ಕೆ ಬಂದವಳನ್ನೂ ಸ್ವಾಮಿ ಬರಿಗೈಯಲ್ಲಿ ಕಳಿಸಲಿಲ್ಲ. ದೇವರ ಹೆಸರಿನಲ್ಲಿ ಬಾಯಿ ಮಾಡುವವರನ್ನು ನಾನು ಇನ್ನು ನಂಬುವುದಿಲ್ಲ, ದೇವರನ್ನು ಮಾತ್ರ ಮೊದಲಿಗಿಂತ ಗಟ್ಟಿಯಾಗಿ ನಂಬುತ್ತೇನೆ. ಪ್ರತಿ ಶನಿವಾರ ನಾನೂ ಸಹನಾಳೂ ಮಗುವನ್ನು ಎತ್ತಿಕೊಂಡು ಹೋಗಿ ಅವನ ಮುಂದೆ ನಿಲ್ಲುತ್ತೇವೆ. ಕೇಳುವುದು ಏನೂ ಇರುವುದಿಲ್ಲ. ಸುಮ್ಮನೆ ಮಗುವನ್ನು ತೋರಿಸಿಕೊಂಡು ಬರುತ್ತೇವೆ.